ಆಟಕ್ಕೆ ತಕ್ಕ ಟಿ.ವಿ.: ಮಿಲಿಸೆಕೆಂಡ್‌ಗಳ ಲೆಕ್ಕ

ಟಿ.ವಿ.ಗೆ ಜೋಡಿಸಿ ಆಡುವ, ಆಟಕ್ಕೆಂದೇ ರೂಪಿಸಿದ ಗಣಕಕ್ಕೆ ಗೇಮಿಂಗ್ ಕನ್ಸೋಲ್ ಎಂದು ಹೆಸರು. ಎಕ್ಸ್‌ಬಾಕ್ಸ್ ಸೀರೀಸ್ ಎಸ್ 2020ರ ನವೆಂಬರಿನಲ್ಲಿ, ಪ್ಲೇಸ್ಟೇಷನ್ 5 2021ರ ಫೆಬ್ರುವರಿಯಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಕನ್ಸೋಲ್‌ಗೇ ಸಾಕಷ್ಟು ಖರ್ಚಾದ ಮೇಲೆ ಟಿ.ವಿ.ಗೆ ಉಳಿಯುವ ಹಣ ಕಡಿಮೆ. 32 ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿರುವುದು ಕೊಳ್ಳುವವರಿಗೆ ತುಸು ನೆಮ್ಮದಿ. ಬೀದರ್ ನಗರದವರು ನಾಲ್ಕಾರು ಅಂಗಡಿ ಸುತ್ತಿ ನೋಡಿಯಾರು. ಭಾಲ್ಕಿ, ಔರಾದ್‌ಗಳಲ್ಲಿ ಆಯ್ಕೆ ಕಡಿಮೆ. ಅಲ್ಲಿನ ಕುಟುಂಬ ಬೀದರಿಗೋ ಹೈದರಾಬಾದಿಗೋ ಹೋಗಬೇಕು, ಇಲ್ಲವೇ ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ನಂಬಿ ಆನ್‌ಲೈನಿನಲ್ಲಿ ತರಿಸಬೇಕು.

ಆದರೆ ಆಟಕ್ಕೆ ಎಲ್ಲಕ್ಕಿಂತ ಮುಖ್ಯವಾದ ಅಂಕಿಯನ್ನು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಅಚ್ಚು ಹಾಕುವುದಿಲ್ಲ. ಅದೇ ವಿಳಂಬ, ಅಂದರೆ ಕನ್ಸೋಲ್ ಕಳಿಸಿದ ಚಿತ್ರ ಪರದೆಯ ಮೇಲೆ ಮೂಡಲು ಟಿ.ವಿ. ತೆಗೆದುಕೊಳ್ಳುವ ಸಮಯ. ಇದನ್ನು ಶಾಲೆಯಲ್ಲೇ ಒಂದು ಮೊಬೈಲ್ ಫೋನಿನಿಂದ ಅಳೆಯಬಹುದು.

ವಿಳಂಬ ಹುಟ್ಟುವುದು ಎಲ್ಲಿ?

ಹಳೆಯ ಚಿತ್ರನಳಿಕೆಯ ಟಿ.ವಿ.ಯಲ್ಲಿ ಸಂಕೇತ ಬಂದ ಹಾಗೆಯೇ ಎಲೆಕ್ಟ್ರಾನ್ ದೂಲ ಪರದೆಯ ಮೇಲೆ ಗೆರೆ ಎಳೆಯುತ್ತಿತ್ತು. ಚಿತ್ರವನ್ನು ಕೂಡಿಟ್ಟು ಸಂಸ್ಕರಿಸುವ ಹಂತವೇ ಇರಲಿಲ್ಲ. 1984ರ ‘ಡಕ್ ಹಂಟ್’ ಆಟದ ಬಂದೂಕನ್ನು ನೆನೆಯಿರಿ. ಟ್ರಿಗರ್ ಒತ್ತಿದೊಡನೆ ಪರದೆ ಕ್ಷಣಕಾಲ ಕಪ್ಪಾಗಿ, ಗುರಿಯಿರುವೆಡೆ ಬಿಳಿ ಚೌಕ ಮೂಡುತ್ತಿತ್ತು. ಬಂದೂಕಿನ ಮೂತಿಯಲ್ಲಿದ್ದ ಬೆಳಕಿನ ಸಂವೇದಕಕ್ಕೆ ಆ ಕ್ಷಣದಲ್ಲಿ ಬಿಳುಪು ಕಂಡರೆ ಗುರಿ ತಾಗಿದಂತೆ. ಇದೇ ಬಂದೂಕನ್ನು ಇಂದಿನ ಚಪ್ಪಟೆ ಟಿ.ವಿ.ಯ ಮುಂದೆ ಹಿಡಿದರೆ ಕೆಲಸ ಮಾಡದು. ಬಿಳಿ ಚೌಕ ತಡವಾಗಿ ಬರುವುದು ಇದಕ್ಕೆ ಒಂದು ಮುಖ್ಯ ಕಾರಣ.

ಇಂದಿನ ಟಿ.ವಿ. ಒಂದು ಚಿತ್ರವನ್ನು, ಅಂದರೆ ಒಂದು ಫ್ರೇಮನ್ನು, ಸ್ಮೃತಿಯಲ್ಲಿ ಇಟ್ಟುಕೊಂಡು ಹಿಗ್ಗಿಸುತ್ತದೆ, ಬಣ್ಣ ತಿದ್ದುತ್ತದೆ, ಎರಡು ಫ್ರೇಮ್‌ಗಳ ನಡುವೆ ಹೊಸದೊಂದನ್ನು ಊಹಿಸಿ ಸೇರಿಸುವುದೂ ಉಂಟು. ಊಹಿಸಬೇಕಾದರೆ ಮುಂದಿನ ಫ್ರೇಮ್ ಬರುವವರೆಗೆ ಕಾಯಬೇಕಷ್ಟೆ. ಸೆಕೆಂಡಿಗೆ 60 ಫ್ರೇಮ್‌ಗಳಿದ್ದರೆ ಒಂದೊಂದರ ಅವಧಿ 16.7 ಮಿಲಿಸೆಕೆಂಡ್. ಇಂಥ ಸಂಸ್ಕರಣೆಯೆಲ್ಲ ಕೂಡಿದಾಗ ವಿಳಂಬ 50ರಿಂದ 100 ಮಿಲಿಸೆಕೆಂಡ್ ಮುಟ್ಟುವುದು ಅಪರೂಪವಲ್ಲ. ಸಿನಿಮಾ ನೋಡುವವರಿಗೆ ಇದರಿಂದ ತೊಂದರೆಯಿಲ್ಲ. ಧ್ವನಿಯನ್ನೂ ಅಷ್ಟೇ ತಡಮಾಡಿದರೆ ಸರಿಹೋಗುತ್ತದೆ. ಆಟದಲ್ಲಿ ಹಾಗಲ್ಲ. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರ್ ಚಲಿಸುತ್ತದೆ. 80 ಮಿಲಿಸೆಕೆಂಡಿನಲ್ಲಿ ಅದು ಕ್ರಮಿಸುವ ದೂರ 3 ಮೀಟರಿಗೂ ಹೆಚ್ಚು. ಕ್ರಿಕೆಟ್ ಆಟದಲ್ಲಿ ನಿಮಗೆ ಕಾಣುವ ಚೆಂಡು, ಕನ್ಸೋಲಿನ ಲೆಕ್ಕದಲ್ಲಿರುವ ಚೆಂಡಿಗಿಂತ ಅಷ್ಟು ಹಿಂದೆ ಇರುತ್ತದೆ! ಬ್ಯಾಟು ಬೀಸುವುದು ತಡವಾದುದಕ್ಕೆ ಆಡುವವನ ಕೈಯನ್ನೇ ದೂರಬೇಕಿಲ್ಲ.

ಈ ಕಾರಣಕ್ಕೇ ಟಿ.ವಿ.ಗಳಲ್ಲಿ ‘ಗೇಮ್ ಮೋಡ್’ ಎಂಬ ಏರ್ಪಾಡು ಇದೆ. ಅದು ಸಂಸ್ಕರಣೆಯ ಬಹುಭಾಗವನ್ನು ಬದಿಗಿಡುತ್ತದೆ. ಒಳ್ಳೆಯ ಟಿ.ವಿ.ಯಲ್ಲಿ ಆಗ ವಿಳಂಬ 10ರಿಂದ 20 ಮಿಲಿಸೆಕೆಂಡಿಗೆ ಇಳಿಯುತ್ತದೆ. ಕಡಿಮೆ ಬೆಲೆಯ ಎಲ್ಲ ಟಿ.ವಿ.ಗಳಲ್ಲೂ ಇದು ಇರುವುದಿಲ್ಲ. ಹೆಸರಿಗೆ ಇದ್ದರೂ ಬಣ್ಣವನ್ನಷ್ಟೇ ಬದಲಿಸಿ ಸುಮ್ಮನಾಗುವುದೂ ಉಂಟು. ಆದ್ದರಿಂದ ಅಳತೆ ಅಗತ್ಯ.

ಅಳೆಯುವ ಬಗೆ

ಸೆಕೆಂಡಿಗೆ 240 ಫ್ರೇಮ್ ತೆಗೆಯುವ ನಿಧಾನಗತಿಯ ಚಿತ್ರೀಕರಣ ಸೌಲಭ್ಯವಿರುವ ಫೋನ್ ಬೇಕು. ಇದರಲ್ಲಿ ಎರಡು ಫ್ರೇಮ್‌ಗಳ ಅಂತರ 4.17 ಮಿಲಿಸೆಕೆಂಡ್. ಕೆಲವು ಫೋನ್‌ಗಳು ಕೃತಕ ಫ್ರೇಮ್‌ಗಳನ್ನು ಸೇರಿಸಿ ಈ ಸಂಖ್ಯೆಯನ್ನು ತಲುಪುತ್ತವೆ. ಆದ್ದರಿಂದ ಮೊದಲು ಫೋನನ್ನೇ ಪರೀಕ್ಷಿಸಿ. ಮೀಟರ್ ಪಟ್ಟಿಯ ಪಕ್ಕ ಒಂದು ಗೋಲಿಯನ್ನು ಬಿಟ್ಟು ಚಿತ್ರೀಕರಿಸಿ. ನಿಶ್ಚಲ ಸ್ಥಿತಿಯಿಂದ 44 ಸೆಂ.ಮೀ. ಬೀಳಲು ಅದಕ್ಕೆ 0.3 ಸೆಕೆಂಡ್ ಬೇಕು. ಅಷ್ಟರಲ್ಲಿ ಸುಮಾರು 72 ಫ್ರೇಮ್‌ಗಳು ದಾಖಲಾಗಬೇಕು, ಒಂದೊಂದರಲ್ಲೂ ಗೋಲಿ ತುಸು ಕೆಳಗಿಳಿದಿರಬೇಕು. ಗೋಲಿ ನಿಂತು ನಿಂತು ಜಿಗಿದಂತೆ ಅಥವಾ ಅಂಚುಗಳು ವಿಕಾರವಾದಂತೆ ಕಂಡರೆ ಆ ಫೋನ್ ಬೇಡ.

ಈಗ ಕನ್ಸೋಲಿನ ಕೈಗುಂಡಿಯೂ ಟಿ.ವಿ. ಪರದೆಯೂ ಒಟ್ಟಿಗೆ ಕಾಣುವಂತೆ ಫೋನನ್ನು ನಿಲ್ಲಿಸಿ. ಆಯ್ಕೆಪಟ್ಟಿಯಲ್ಲಿ ಗುಂಡಿ ಒತ್ತಿ ಒಂದು ಸಾಲಿನಿಂದ ಇನ್ನೊಂದಕ್ಕೆ ಸರಿಯಿರಿ. ಗುಂಡಿ ಪೂರ್ತಿ ಕೆಳಗಿಳಿದ ಫ್ರೇಮಿನಿಂದ ಪರದೆ ಬದಲಾದ ಫ್ರೇಮಿನವರೆಗೆ ಎಣಿಸಿ. ಗಣಕದಲ್ಲಿ ವಿಎಲ್‌ಸಿಯಂಥ ತಂತ್ರಾಂಶ ಬಳಸಿದರೆ ಫ್ರೇಮ್‌ಗಳನ್ನು ಒಂದೊಂದಾಗಿ ಮುಂದೂಡಬಹುದು.

ಈ ಎಣಿಕೆಯಲ್ಲಿ ಕನ್ಸೋಲಿನದೇ ವಿಳಂಬವೂ ಸೇರಿರುತ್ತದೆ. ಗೇಮ್ ಮೋಡ್ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ ಅಳೆದು ಕಳೆದರೆ ಅದು ರದ್ದಾಗುತ್ತದೆ. ಮೊದಲನೆಯದು 34 ಫ್ರೇಮ್, ಎರಡನೆಯದು 18 ಎಂದಿಟ್ಟುಕೊಳ್ಳಿ. ವ್ಯತ್ಯಾಸ 16 ಫ್ರೇಮ್, ಅಂದರೆ ಸುಮಾರು 67 ಮಿಲಿಸೆಕೆಂಡ್. ಅಷ್ಟು ಹೊತ್ತು ಟಿ.ವಿ. ಚಿತ್ರವನ್ನು ತಡೆಹಿಡಿದಿತ್ತು. ವ್ಯತ್ಯಾಸವೇ ಇಲ್ಲದಿದ್ದರೆ ಎರಡು ಅರ್ಥ ಸಾಧ್ಯ: ಟಿ.ವಿ. ಮೊದಲೇ ಚುರುಕಾಗಿದೆ, ಇಲ್ಲವೇ ಗೇಮ್ ಮೋಡ್ ಬರೀ ಹೆಸರಿನದು. ಅದೇ ಕನ್ಸೋಲನ್ನು ಇನ್ನೊಂದು ಟಿ.ವಿ.ಗೆ ಜೋಡಿಸಿ ಹೋಲಿಸಿದರೆ ಯಾವುದೆಂದು ತಿಳಿಯುತ್ತದೆ.

ಒಂದೇ ಸಲ ಅಳೆದರೆ ಸಾಲದು. ಗುಂಡಿ ಒತ್ತುವ ಕ್ಷಣ 16.7 ಮಿಲಿಸೆಕೆಂಡಿನ ಅವಧಿಯಲ್ಲಿ ಎಲ್ಲಿ ಬೇಕಾದರೂ ಬೀಳಬಹುದು. ಹೀಗೆ ಸಮನಾಗಿ ಹರಡಿದ ಅನಿಶ್ಚಿತತೆಯ ಮಾನಕ ವಿಚಲನೆ 16.7ನ್ನು 12ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ 4.8 ಮಿಲಿಸೆಕೆಂಡ್. ಹತ್ತು ಸಲ ಅಳೆದು ಸರಾಸರಿ ತೆಗೆದರೆ ಇದು ಸುಮಾರು 1.5ಕ್ಕೆ ಇಳಿಯುತ್ತದೆ. ದೋಷ ವಿಶ್ಲೇಷಣೆಯ ಪಾಠಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಪೆಟ್ಟಿಗೆಯ ಮೇಲಿನ ಅಂಕಿಗಳು

ಮೊದಲನೆಯದು 4ಕೆ. ಸಾಮಾನ್ಯ ಕಣ್ಣು ಒಂದು ಕಲೆಯಷ್ಟು (ಡಿಗ್ರಿಯ 60ನೇ ಒಂದು ಭಾಗ) ಕೋನಾಂತರದ ಬಿಂದುಗಳನ್ನು ಬೇರ್ಪಡಿಸಿ ನೋಡಬಲ್ಲದು. 43 ಅಂಗುಲದ ಪರದೆಯ ಅಗಲ ಸುಮಾರು 95 ಸೆಂ.ಮೀ. ಅದರಲ್ಲಿ 3840 ಚಿತ್ರಬಿಂದುಗಳಿದ್ದರೆ ಒಂದೊಂದರ ಅಗಲ 0.25 ಮಿ.ಮೀ. ಅವು ಬೇರೆಬೇರೆಯಾಗಿ ಕಾಣಬೇಕಾದರೆ 85 ಸೆಂ.ಮೀ. ಹತ್ತಿರ ಕೂರಬೇಕು. ಫುಲ್ ಎಚ್‌ಡಿಗೆ ಈ ದೂರ 1.7 ಮೀಟರ್. ಎರಡೂವರೆ ಮೀಟರ್ ದೂರ ಕೂರುವ ಮನೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದು ಕಷ್ಟ.

ಎರಡನೆಯದು ಹರ್ಟ್ಸ್. ಅಗ್ಗದ ಟಿ.ವಿ.ಗಳ ಫಲಕ ಸಾಮಾನ್ಯವಾಗಿ 60 ಹರ್ಟ್ಸ್‌ನದು. ‘ಮೋಷನ್ ರೇಟ್ 120’ ಎಂಬಂಥ ಬರಹ ಫಲಕದ ನಿಜವಾದ ಆವೃತ್ತಿಯನ್ನು ಹೇಳಬೇಕೆಂದಿಲ್ಲ. ‘ನೇಟಿವ್’ ಆವೃತ್ತಿ ಎಷ್ಟೆಂದು ಕೇಳಿ. 60 ಹರ್ಟ್ಸ್ ಇದ್ದರೂ ಬಹುತೇಕ ಆಟಗಳಿಗೆ ಸಾಕು.

ಮೂರನೆಯದು ಎಚ್‌ಡಿಎಂಐ ಕಿಂಡಿ. 4ಕೆ ಚಿತ್ರವನ್ನು 60 ಹರ್ಟ್ಸ್‌ನಲ್ಲಿ ಪೂರ್ಣ ಬಣ್ಣದೊಡನೆ ಸಾಗಿಸಲು ಸೆಕೆಂಡಿಗೆ ಸುಮಾರು 18 ಗಿಗಾಬಿಟ್ ಬೇಕು. ಎಚ್‌ಡಿಎಂಐ 2.0ಕ್ಕೆ ಇಷ್ಟು ಸಾಮರ್ಥ್ಯವಿದೆ, 1.4ರ ಮಿತಿ 10.2 ಗಿಗಾಬಿಟ್. ಒಂದೇ ಟಿ.ವಿ.ಯ ಕಿಂಡಿಗಳು ಬೇರೆಬೇರೆ ಬಗೆಯವು ಇರಬಹುದು. 2.1 ಎಂದು ಬರೆದಿದ್ದರೂ ಅದರ ಎಲ್ಲ ಸೌಲಭ್ಯಗಳು ಇರಲೇಬೇಕೆಂಬ ನಿಯಮವಿಲ್ಲ.

ನಾಲ್ಕನೆಯದು ಎಚ್‌ಡಿಆರ್. ಸಂಕೇತವನ್ನು ಸ್ವೀಕರಿಸುವುದು ಬೇರೆ, ಅದಕ್ಕೆ ತಕ್ಕ ಬೆಳಕು ಸೂಸುವುದು ಬೇರೆ. ಎಚ್‌ಡಿಆರ್ ಚಿತ್ರಗಳನ್ನು ಹೆಚ್ಚಾಗಿ 1000 ನಿಟ್ ಪ್ರಕಾಶಕ್ಕೆ ಹೊಂದಿಸಿರುತ್ತಾರೆ. ಅಗ್ಗದ ಟಿ.ವಿ.ಗಳದು 300ರ ಆಸುಪಾಸು. ಈ ಬರಹಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ.

ಮಸುಕು ಮತ್ತು ಚಳಿ

ವಿಳಂಬ ಬೇರೆ, ಮಸುಕು ಬೇರೆ. ವಿದ್ಯುತ್ ಕ್ಷೇತ್ರ ಬದಲಾದಾಗ ದ್ರವಸ್ಫಟಿಕದ ಅಣುಗಳು ತಿರುಗಲು ಕೆಲವು ಮಿಲಿಸೆಕೆಂಡ್ ಬೇಕು. ಹಿಂದಿನ ಚಿತ್ರದ ಛಾಯೆ ಅಷ್ಟು ಹೊತ್ತು ಉಳಿಯುತ್ತದೆ. ಉಷ್ಣತೆ ಇಳಿದಂತೆ ದ್ರವದ ಸ್ನಿಗ್ಧತೆ ಹೆಚ್ಚಿ ಅಣುಗಳು ಇನ್ನೂ ನಿಧಾನವಾಗುತ್ತವೆ. ಪ್ರಸ್ಥಭೂಮಿಯ ಮೇಲಿರುವ ಬೀದರಿನ ಚಳಿಗಾಲದ ಮುಂಜಾನೆ ಹೊತ್ತಿಸಿದ ಟಿ.ವಿ.ಯಲ್ಲಿ ಈ ಛಾಯೆ ತುಸು ಹೆಚ್ಚು ಕಂಡರೆ ಅದು ದೋಷವಲ್ಲ. ಪರದೆ ಬೆಚ್ಚಗಾದ ಮೇಲೆ ಪರೀಕ್ಷಿಸಿ. ಕಪ್ಪು ಹಿನ್ನೆಲೆಯಲ್ಲಿ ಓಡುವ ಆಕೃತಿಯ ಹಿಂದೆ ಉದ್ದನೆಯ ಬಾಲ ಉಳಿದರೆ ಮಾತ್ರ ಅದು ಫಲಕದ ಕುಂದು.

ಕೊಳ್ಳುವಾಗ ಹೀಗೆ ಮಾಡಿ. ಅಂಗಡಿಯಲ್ಲಿ ಓಡುವ ಮಾದರಿ ವಿಡಿಯೋ ವಿಳಂಬದ ಬಗ್ಗೆ ಏನನ್ನೂ ಹೇಳದು. ಸಾಧ್ಯವಾದರೆ ಕನ್ಸೋಲನ್ನೇ ಒಯ್ದು ಜೋಡಿಸಿ ನೋಡಿ. ಆನ್‌ಲೈನಿನಲ್ಲಿ ತರಿಸುವುದಾದರೆ ಹಿಂದಿರುಗಿಸುವ ಗಡುವು ಎಷ್ಟು ದಿನವೆಂದು ಮೊದಲೇ ತಿಳಿದು, ಅದರೊಳಗೆ ಅಳತೆ ಮುಗಿಸಿ. ಗೇಮ್ ಮೋಡನ್ನು ಕನ್ಸೋಲ್ ಜೋಡಿಸಿದ ಕಿಂಡಿಗೇ ಹೊಂದಿಸಲು ಮರೆಯಬೇಡಿ. ಚುರುಕಾದ ಗೇಮ್ ಮೋಡ್ ಉಳ್ಳ 60 ಹರ್ಟ್ಸ್‌ನ ಸಾದಾ ಫುಲ್ ಎಚ್‌ಡಿ ಟಿ.ವಿ., ಹತ್ತು ಬಿರುದುಗಳನ್ನು ಹೊತ್ತ ನಿಧಾನಗತಿಯ 4ಕೆ ಟಿ.ವಿ.ಗಿಂತ ಆಟಕ್ಕೆ ಮೇಲು. ಶಿಕ್ಷಕರು ಈ ಪ್ರಯೋಗವನ್ನು ವಿದ್ಯಾರ್ಥಿಗಳಿಂದ ಮಾಡಿಸಿ, ತಂತಮ್ಮ ಮನೆಯ ಟಿ.ವಿ.ಗಳ ಪಟ್ಟಿ ತಯಾರಿಸಿದರೆ ಆ ಊರಿನವರಿಗೆ ಯಾವ ಜಾಹೀರಾತಿಗಿಂತಲೂ ಅದು ಹೆಚ್ಚು ಉಪಯೋಗಕ್ಕೆ ಬಂದೀತು.