ಫ್ಯಾನು ತಿರುಗಿದರೆ ಲಾಭವೇ?

ಪ್ರಶ್ನೆ: ಲಕ್ಕಲಕಟ್ಟಿಯವನು ನಾನು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಲೇ ಇರುತ್ತವೆ. ಇಂಥ ಕಂಪನಿಯ ಷೇರು ಕೊಳ್ಳಬಹುದೇ?

ಉತ್ತರ: ತಿರುಗುವುದನ್ನು ನೋಡಿ ಕೊಳ್ಳಬೇಡಿ. ಕಂಪನಿ ಯಂತ್ರ ಮಾರುತ್ತದೋ, ವಿದ್ಯುತ್ ಮಾರುತ್ತದೋ, ಮೊದಲು ಕೇಳಿ. ವಿದ್ಯುತ್ ಮಾರುವವರಿಗೆ ಗಾಳಿಯೇನೋ ಪುಕ್ಕಟೆ; ಆದರೆ ಬಂಡವಾಳವೆಲ್ಲ ಮೊದಲೇ ಸುರಿದಾಗಿರುತ್ತದೆ, ಸಾಮಾನ್ಯವಾಗಿ ಹೆಚ್ಚಿನ ಪಾಲು ಸಾಲ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಶಕ್ತಿ ಎಂಟು ಪಟ್ಟು! ಹಾಗಾಗಿ ಗಾಳಿ ಜೋರಾಗಿ ಬೀಸುವ ಮುಂಗಾರಿನ ತಿಂಗಳುಗಳೇ ಇವರ ಸುಗ್ಗಿ. ಯೂನಿಟ್ ದರ ಎಷ್ಟು ವರ್ಷಕ್ಕೆ ನಿಗದಿಯಾಗಿದೆ, ಕೊಂಡವರು ಬಿಲ್ ಯಾವಾಗ ಕಟ್ಟುತ್ತಾರೆ, ಬಡ್ಡಿ ಎಷ್ಟು, ಲಾಭ ನಿಂತಿರುವುದು ಇಲ್ಲಿ. ಯಂತ್ರ ಮಾರುವವರದು ಆರ್ಡರ್ ನಂಬಿದ ಬದುಕು. ಗಾಳಿಯಂತ್ರ ಮಾಡಿ ಮಾರುವ ಸುಜ್ಲಾನ್ ಕಂಪನಿ 2007ರಲ್ಲಿ ಜರ್ಮನಿಯ ರೀಪವರ್ ಕಂಪನಿಯನ್ನು ಹಿಡಿಯಲು ಭಾರಿ ಸಾಲ ಮಾಡಿತು. 2012ರಲ್ಲಿ ವಿದೇಶಿ ಬಾಂಡುಗಳ ಹಣ ಮರಳಿಸಲಾಗಲಿಲ್ಲ. ಫ್ಯಾನುಗಳು ಆಗಲೂ ತಿರುಗುತ್ತಿದ್ದವು, ಬಿಡಿ. ವಾರ್ಷಿಕ ವರದಿ ತರಿಸಿ, ಸಾಲದ ಪುಟವನ್ನೇ ಮೊದಲು ಓದಿ.