ಪಹಣಿಯ ಅಕ್ಷರಕ್ಕೆ ಎಷ್ಟು ಚುಕ್ಕಿ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಬಹುಮಂದಿ ರೈತರಿಗೆ ಕಂಪ್ಯೂಟರಿನ ಮುಖ ಮೊದಲು ಕಂಡದ್ದು ಶಾಲೆಯಲ್ಲಲ್ಲ, ತಾಲ್ಲೂಕು ಕಚೇರಿಯ ಪಹಣಿ ಕಿಟಕಿಯಲ್ಲಿ. ಆಗ ಇವೆಲ್ಲ ಕೋಲಾರ ಜಿಲ್ಲೆಯಲ್ಲಿದ್ದವು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. 'ಭೂಮಿ' ಯೋಜನೆ 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕುಗಳನ್ನೂ ಮುಟ್ಟಿತು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ದಾಖಲೆಗಳು ಗ್ರಾಮಲೆಕ್ಕಿಗರ ಕಡತದಿಂದ ಕಂಪ್ಯೂಟರಿಗೆ ಬಂದವು. ಕೈಬರಹದ ಪಹಣಿಗೆ ಕಾನೂನಿನ ಬೆಲೆ ಹೋಯಿತು. 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಕೈಗೆ ಬರುತ್ತಿತ್ತು.

ಆ ಕಿಟಕಿಯಲ್ಲಿ ಒಂದು ವಿಶೇಷವಿತ್ತು. ಮಾನಿಟರ್ ಒಂದಲ್ಲ, ಎರಡು. ಒಂದು ನೌಕರನ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ಒಳಗೆ ಏನು ನಡೆಯುತ್ತಿದೆ ಎಂಬುದು ಅರ್ಜಿದಾರನಿಗೂ ಕಾಣಲಿ ಎಂಬುದು ಅದರ ಉದ್ದೇಶ. ತನ್ನ ಹೆಸರು ಗಾಜಿನ ಮೇಲೆ ಮೂಡಿ, ಕೆಲವೇ ನಿಮಿಷಗಳಲ್ಲಿ ಕಾಗದದ ಮೇಲೆ ಇಳಿಯುತ್ತಿದ್ದುದನ್ನು ರೈತ ನಿಂತು ನೋಡಬಹುದಾಗಿತ್ತು. ಗಾಜಿಗೂ ಕಾಗದಕ್ಕೂ ನಡುವೆ ನಡೆಯುವುದಾದರೂ ಏನು?

ಮೊದಲು ತಿಳಿಯಬೇಕಾದದ್ದು, ಪರದೆಯ ಮೇಲಾಗಲಿ ಕಾಗದದ ಮೇಲಾಗಲಿ ಅಕ್ಷರ ಎಂಬ ಅಖಂಡ ವಸ್ತು ಇಲ್ಲ. ಇರುವುದು ಚುಕ್ಕಿಗಳು ಮಾತ್ರ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೆಯುತ್ತಾರಲ್ಲ, ಇಲ್ಲಿ ಎಳೆಯುವ ಗೆರೆಯೇ ಇಲ್ಲ, ಬರಿಯ ಚುಕ್ಕಿ. ಸಾಲುಸಾಲು ಮನೆಗಳಲ್ಲಿ ಯಾವುದನ್ನು ತುಂಬಬೇಕು, ಯಾವುದನ್ನು ಖಾಲಿ ಬಿಡಬೇಕು ಎಂಬುದಷ್ಟೇ ಲೆಕ್ಕ. ಗೆರೆ ಎಂದು ಭಾವಿಸುವುದು ನಮ್ಮ ಕಣ್ಣು.

ಆ ಕಾಲದ ದಪ್ಪ ಮಾನಿಟರಿನ ಹಿಂಬದಿ ಏಕೆ ಅಷ್ಟು ಉದ್ದ ಇರುತ್ತಿತ್ತು ಎಂದು ಯೋಚಿಸಿದ್ದೀರಾ? ಅದರ ಕುತ್ತಿಗೆಯಲ್ಲಿ ಎಲೆಕ್ಟ್ರಾನ್ ಚಿಮ್ಮಿಸುವ ಬಂದೂಕು ಕೂತಿರುತ್ತಿತ್ತು. ಜರ್ಮನಿಯ ಫರ್ಡಿನಾಂಡ್ ಬ್ರೌನ್ 1897ರಲ್ಲಿ ರೂಪಿಸಿದ ಕೊಳವೆಯ ವಂಶವಿದು. ಬಣ್ಣದ ಮಾನಿಟರಿನೊಳಗೆ ಇಪ್ಪತ್ತು ಸಾವಿರ ವೋಲ್ಟಿನ ಸುಮಾರಿನ ಸೆಳೆತಕ್ಕೆ ಸಿಕ್ಕ ಎಲೆಕ್ಟ್ರಾನುಗಳು ಗಾಜಿನ ಒಳಮೈಗೆ ಹಚ್ಚಿದ ಫಾಸ್ಫರ್ ಲೇಪಕ್ಕೆ ಬಡಿದಾಗ ಆ ಜಾಗ ಹೊಳೆಯುತ್ತದೆ. ತಂತಿ ಸುರುಳಿಗಳ ಕಾಂತಶಕ್ತಿ ಕಿರಣವನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಎಳೆಯುತ್ತದೆ. ನೇಗಿಲು ಹೊಲದ ಅಂಚಿನಲ್ಲಿ ತಿರುಗಿ ಉಳುತ್ತಲೇ ಮರಳುತ್ತದೆ. ಈ ಕಿರಣ ಹಾಗಲ್ಲ, ಬಲ ಅಂಚು ಮುಟ್ಟಿದೊಡನೆ ಆರಿ, ಮತ್ತೆ ಎಡಕ್ಕೆ ಹಾರುತ್ತದೆ. ಇಡೀ ಹೊಲವನ್ನು ಸೆಕೆಂಡಿಗೆ ಅರವತ್ತು ಸಲವೋ ಅದಕ್ಕೂ ಹೆಚ್ಚೋ ಉಳುತ್ತದೆ. ಹೊಳಪು ಕ್ಷಣದಲ್ಲಿ ಆರುವುದರಿಂದ ಹೀಗೆ ಮತ್ತೆ ಮತ್ತೆ ಬರೆಯದೆ ವಿಧಿಯಿಲ್ಲ. (ಗಾಜಿನ ಮೇಲೆ ಕೂಡಿಕೊಳ್ಳುವ ವಿದ್ಯುತ್ತು ಧೂಳನ್ನೂ ಸೆಳೆಯುತ್ತಿತ್ತು. ಬಯಲುಸೀಮೆಯ ಕಚೇರಿಗಳಲ್ಲಿ ಮಾನಿಟರ್ ಒರೆಸುವುದೇ ಒಂದು ಕೆಲಸವಾಗಿತ್ತೆಂದರೆ ಅಚ್ಚರಿಯಿಲ್ಲ.)

ಇಂದಿನ ತೆಳು ಪರದೆಯಲ್ಲಿ ಬಂದೂಕಿಲ್ಲ. ಹಿಂದೆ ಸದಾ ಉರಿಯುವ ಬೆಳಕು, ಮುಂದೆ ದ್ರವ ಸ್ಫಟಿಕದ ಪುಟ್ಟ ಪುಟ್ಟ ಕದಗಳು. ವಿದ್ಯುತ್ತು ಕೊಟ್ಟಂತೆ ಕದ ತೆರೆಯುತ್ತದೆ, ಮುಚ್ಚುತ್ತದೆ. ವಿಧಾನ ಬೇರೆ, ಚುಕ್ಕಿಯ ಲೆಕ್ಕ ಅದೇ.

ಈಗ ಕನ್ನಡದ ಕಷ್ಟಕ್ಕೆ ಬರೋಣ. 1981ರಲ್ಲಿ ಬಂದ ಐಬಿಎಂ ಪಿಸಿಯ ಏಕವರ್ಣ ಪರದೆಯಲ್ಲಿ 25 ಸಾಲು, ಸಾಲಿಗೆ 80 ಅಕ್ಷರ. ಒಂದು ಅಕ್ಷರದ ಮನೆ 9 ಚುಕ್ಕಿ ಅಗಲ, 14 ಚುಕ್ಕಿ ಎತ್ತರ. ಇಂಗ್ಲಿಷಿಗೆ ಅದು ಧಾರಾಳವಾಯಿತು. ಆದರೆ 'ಸ್ತ್ರೀ' ಎಂಬ ಒಂದೇ ಅಕ್ಷರವನ್ನು ಆ ಮನೆಯಲ್ಲಿ ಕೂರಿಸಿ ನೋಡಿ! ಮೇಲೆ ಗುಣಿತ, ಪಕ್ಕದಲ್ಲಿ ದೀರ್ಘ, ನಡುವೆ ಮೂಲಾಕ್ಷರ, ಕೆಳಗೆ ಎರಡು ಒತ್ತು. ಇಂಗ್ಲಿಷಿನ ಅಕ್ಷರಗಳು ಬಾಡಿಗೆ ಮನೆಯವರಂತೆ ಒಂದೊಂದು ಕೋಣೆಯಲ್ಲಿ ತೆಪ್ಪಗಿರುತ್ತವೆ; ಕನ್ನಡದವು ಕೂಡು ಕುಟುಂಬ. ಹೀಗಾಗಿಯೇ ಪುಣೆಯ ಸಿ-ಡ್ಯಾಕ್ ಸಂಸ್ಥೆಯ 'ಜಿಸ್ಟ್' ಕಾರ್ಡನ್ನು ಕಂಪ್ಯೂಟರಿನೊಳಗೆ ಕೂರಿಸಿ ಭಾರತೀಯ ಲಿಪಿಗಳನ್ನು ಪರದೆಗೆ ತರಬೇಕಾಯಿತು. ಮುಂದೆ ಅಕ್ಷರವನ್ನೂ ಚಿತ್ರದಂತೆಯೇ ಬರೆಯುವ ಪರದೆಗಳು ಬಂದ ಮೇಲೆ 1998ರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಮುಂತಾದವುಗಳಿಗೆ ದಾರಿಯಾಯಿತು.

ಕಾಗದದ ಮೇಲಂತೂ ತೊಂದರೆ ಇನ್ನೂ ಹೆಚ್ಚು. ಆ ಕಾಲದ ಕಚೇರಿಯ ಸದ್ದು ನಿಮಗೆ ನೆನಪಿರಬಹುದು: ಕರ್ರ್, ಕರ್ರ್ ಎಂದು ಕೊಯ್ಯುವ ಚುಕ್ಕಿ ಮುದ್ರಕ, ಅಂದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಇದನ್ನು ನಮ್ಮ ರಾಜ್ಯದಲ್ಲೇ ಮಾಡುತ್ತಿದ್ದರು. ಟಿವಿಎಸ್ ಎಲೆಕ್ಟ್ರಾನಿಕ್ಸಿನದು ತುಮಕೂರಿನಲ್ಲಿ, ವಿಪ್ರೊದ್ದು ಮೈಸೂರಿನಲ್ಲಿ ತಯಾರಾಗುತ್ತಿತ್ತು. ಅದರ ತಲೆಯಲ್ಲಿ ಒಂದರ ಕೆಳಗೊಂದು ಸೂಜಿಗಳು. ಪ್ರತಿ ಸೂಜಿಗೂ ಒಂದು ವಿದ್ಯುತ್ಕಾಂತ. ಅದು ತಳ್ಳಿದಾಗ ಸೂಜಿ ಮಸಿಪಟ್ಟಿಗೆ ಬಡಿದು ಕಾಗದದ ಮೇಲೆ ಒಂದು ಚುಕ್ಕಿ ಬೀಳುತ್ತದೆ. ಬಡಿಯುವುದರಿಂದಲೇ ಕಾರ್ಬನ್ ಇಟ್ಟು ಎರಡು, ಮೂರು ಪ್ರತಿ ತೆಗೆಯಲು ಸಾಧ್ಯ. ಬಡಿಯದೆ ಅಚ್ಚೊತ್ತುವ ಮುದ್ರಕಗಳಿಗೆ ಈ ಗುಣವಿಲ್ಲ. ಬ್ಯಾಂಕಿನ ಪಾಸ್ ಪುಸ್ತಕ ಹೊಡೆಯಲು ಇಂದಿಗೂ ಇದೇ ಬೇಕು.

ಒಂಬತ್ತು ಸೂಜಿಯ ಮುದ್ರಕದಲ್ಲಿ ಸೂಜಿಗೂ ಸೂಜಿಗೂ ಅಂತರ ಅಂಗುಲದ 72ನೇ ಒಂದು ಭಾಗ. ಅಂಗುಲದ ಆರನೇ ಒಂದು ಭಾಗ ಎತ್ತರದ ಅಕ್ಷರವೆಂದರೆ, ಒತ್ತೂ ಗುಣಿತವೂ ಸೇರಿ, ಒಂದೇ ಸಲದ ಓಟಕ್ಕೆ ಸಿಗುವುದು 12 ಚುಕ್ಕಿಯ ಎತ್ತರ. ಇರುವ ಸೂಜಿ ಒಂಬತ್ತೇ! ಆದ್ದರಿಂದ ಒಂದು ಕನ್ನಡ ಸಾಲಿಗೆ ತಲೆ ಎರಡು, ಮೂರು ಸಲ ಓಡಬೇಕು. ಇಂಗ್ಲಿಷಾದರೆ ನೇಗಿಲಿನಂತೆ ಹೋಗುವಾಗಲೂ ಬರುವಾಗಲೂ ಹೊಡೆಯುತ್ತದೆ. ಕನ್ನಡವನ್ನು ಚಿತ್ರದಂತೆ ಹೊಡೆಯಬೇಕಾದ್ದರಿಂದ, ಮೇಲಿನ ಚುಕ್ಕಿಗೂ ಕೆಳಗಿನ ಚುಕ್ಕಿಗೂ ಸಾಲು ತಪ್ಪದಿರಲೆಂದು ಅನೇಕ ವೇಳೆ ಒಂದೇ ದಿಕ್ಕಿನಲ್ಲಿ ಹೊಡೆಸುವುದುಂಟು. ಕನ್ನಡದ ಕಾಗದ ನಿಧಾನವಾಗಿ ಹೊರಬರುತ್ತಿದ್ದುದಕ್ಕೆ ನೌಕರರ ಸೋಮಾರಿತನವೊಂದೇ ಕಾರಣವಲ್ಲ.

ಮಸಿಪಟ್ಟಿ ಸವೆದರೆ, ಸೂಜಿಯೊಂದು ಮುರಿದರೆ ಇನ್ನೊಂದು ಪೀಡೆ. ಸಾಲಿನುದ್ದಕ್ಕೂ ಒಂದು ಬಿಳಿ ಗೆರೆ ಉಳಿಯುತ್ತದೆ. ಇಂಗ್ಲಿಷ್ ಅಕ್ಷರಗಳ ಕೆಳ ಅರ್ಧ ಮುಚ್ಚಿದರೂ ಸಾಮಾನ್ಯವಾಗಿ ಓದಬಹುದು. ಕನ್ನಡದ ಅರ್ಥವಿರುವುದೇ ಎಷ್ಟೋ ಸಲ ಕೆಳಗೆ. 'ಧ'ಕಾರದ ಕೆಳಗಿನ ಸೀಳು ಅಳಿದರೆ ಧನಪ್ಪ ದನಪ್ಪನಾಗುತ್ತಾನೆ. ಒತ್ತು ಬೀಳದಿದ್ದರೆ ಮುನಿಯಮ್ಮನ ಹೆಸರು ಯಮನಲ್ಲಿ ಮುಗಿಯುತ್ತದೆ. ನಗು ಬರಬಹುದು, ಆದರೆ ಪಹಣಿಯ 9ನೇ ಕಲಮಿನಲ್ಲಿ ಹೀಗಾದರೆ ಸೊಸೈಟಿಯ ಸಾಲ ನಿಲ್ಲಲು ಅಷ್ಟು ಸಾಕು.

ಇಪ್ಪತ್ತನಾಲ್ಕು ಸೂಜಿಯ ತಲೆ ಬಂದಾಗ ಅದೇ ಅಕ್ಷರಕ್ಕೆ 30 ಚುಕ್ಕಿ ಎತ್ತರ ಸಿಕ್ಕಿತು. ಲೇಸರ್ ಮುದ್ರಕದಲ್ಲಿ 50, ಈಗಿನವುಗಳಲ್ಲಿ 100. ಲೇಸರ್ ಮುದ್ರಕ ಬಡಿಯುವುದಿಲ್ಲ. ವಿದ್ಯುದಾವೇಶ ತುಂಬಿದ ಉರುಳೆಯ ಮೇಲೆ ಲೇಸರ್ ಕಿರಣ ಅಕ್ಷರದ ಚುಕ್ಕಿಗಳನ್ನು ಮುಟ್ಟುತ್ತದೆ. ಮುಟ್ಟಿದ ಕಡೆ ಆವೇಶ ಇಳಿದು, ಮಸಿಪುಡಿ ಅಲ್ಲಿ ಅಂಟುತ್ತದೆ. ಪುಡಿ ಕಾಗದಕ್ಕೆ ದಾಟಿ, ಬಿಸಿ ಉರುಳೆಯ ನಡುವೆ ಕರಗಿ ಕಚ್ಚಿಕೊಳ್ಳುತ್ತದೆ. ಆಗ ತಾನೇ ಹೊರಬಂದ ಹಾಳೆ ಬೆಚ್ಚಗಿರುವುದು ಇದಕ್ಕೇ. ಬಸ್ಸಿನ ಟಿಕೆಟ್ ಯಂತ್ರದ ಬಗೆ ಮತ್ತೊಂದು. ಅಲ್ಲಿ ಮಸಿಯೇ ಇಲ್ಲ, ಬಿಸಿ ತಗುಲಿದ ಕಡೆ ಕಾಗದದ ಲೇಪವೇ ಕಪ್ಪಾಗುತ್ತದೆ. ಚಿಂತಾಮಣಿಯಲ್ಲಿ ಹತ್ತುವಾಗ ಪಡೆದ ಚೀಟಿ ಬಿಸಿಲಲ್ಲಿ ಕೆಲವು ದಿನ ಬಿದ್ದರೆ ಮಾಸಿಹೋಗುತ್ತದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗುವವರೂ ಇಂಥ ಕಾಗದದ ಚೀಟಿ ಸಿಕ್ಕರೆ ನಕಲು ತೆಗೆದಿಡುವುದು ಮೇಲು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಚುಕ್ಕಿಗಳು ಬರಿಯ ಚಿತ್ರವಾದರೆ ದಾಖಲೆ ಎಲ್ಲಿದೆ? ಕಂಪ್ಯೂಟರಿನೊಳಗೆ 'ಧ' ಎಂಬುದು ಒಂದು ಸಂಖ್ಯೆ, ಅಷ್ಟೇ. ಗೌರಿಬಿದನೂರಿನ ಬಳಿ 1970ರ ದಶಕದಲ್ಲಿ ಕಟ್ಟಿದ ರೇಡಿಯೊ ದೂರದರ್ಶಕ ಆಕಾಶವನ್ನು 'ನೋಡುವುದು' ಹೀಗೆಯೇ. ಅದರ ಆಂಟೆನಾಗಳಿಗೆ ಸಿಗುವುದು ಅಲೆಗಳ ಅಳತೆ, ಅಂದರೆ ಸಂಖ್ಯೆಗಳು. ಆಕಾಶದ ನಕ್ಷೆ ಮೂಡುವುದು ಆಮೇಲೆ. ಪಹಣಿಯಲ್ಲೂ ಸಂಖ್ಯೆ ಮೊದಲು, ಚುಕ್ಕಿ ನಂತರ.

ಇದರಿಂದ ಎರಡು ಬಗೆಯ ತಪ್ಪುಗಳು ಹುಟ್ಟುತ್ತವೆ. ಮುದ್ರಕದ ದೋಷದಿಂದ ಹೆಸರು ಕೆಟ್ಟಿದ್ದರೆ ದಾಖಲೆ ಕೆಟ್ಟಿಲ್ಲ, ಮತ್ತೊಂದು ಪ್ರತಿ ತೆಗೆದರೆ ಸರಿಹೋಗುತ್ತದೆ. ಎರಡನೆಯದು ಅಪಾಯದ್ದು. ಗ್ರಾಮಲೆಕ್ಕಿಗರ ಕೈಬರಹ ನೋಡಿ ಬೆರಳಚ್ಚು ಮಾಡಿದವರು 'ಧ' ಬದಲು 'ದ' ಒತ್ತಿದ್ದರೆ, ಅಥವಾ ಗುಂಟೆಯ ಲೆಕ್ಕದಲ್ಲಿ 16ರ ಬದಲು 10 ಹಾಕಿದ್ದರೆ, ಆ ತಪ್ಪು ಲೇಸರ್ ಮುದ್ರಕದಿಂದ ಅತ್ಯಂತ ಸುಂದರವಾಗಿ ಹೊರಬರುತ್ತದೆ. ಕೈಬರಹದಲ್ಲಿ ಗೀಚಿದ್ದು ಗೀಚಿದಂತೆ ಕಂಡು ಅನುಮಾನ ಹುಟ್ಟಿಸುತ್ತಿತ್ತು. ಅಚ್ಚಿನ ಅಂದ ಅನುಮಾನವನ್ನೇ ಕಿತ್ತುಕೊಳ್ಳುತ್ತದೆ. ಪಹಣಿ ತಿದ್ದುಪಡಿಗೆಂದೇ ಕಂದಾಯ ಅದಾಲತ್ತುಗಳನ್ನು ನಡೆಸಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಹೀಗೆ ನೋಡಿದರೆ, ಕಿಟಕಿಯ ಹೊರಗೆ ಮುಖಮಾಡಿದ್ದ ಆ ಎರಡನೆಯ ಮಾನಿಟರ್ ಇಡೀ ಏರ್ಪಾಟಿನ ಜಾಣ ಭಾಗವೆಂದು ನನಗೆ ತೋರುತ್ತದೆ, ಓದು ಬಾರದವರಿಗೆ ಅದರಿಂದ ಪ್ರಯೋಜನ ಕಡಿಮೆಯಿದ್ದರೂ. ಈಗ ಪಹಣಿ ಫೋನಿನ ಪರದೆಯಲ್ಲೇ ಸಿಗುತ್ತದೆ. ಅಲ್ಲಿ ಚುಕ್ಕಿಗಳು ಎಷ್ಟು ಒತ್ತಾಗಿವೆಯೆಂದರೆ ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣುವುದೇ ಇಲ್ಲ. ಎರಡು ಬೆರಳಿನಿಂದ ಹಿಗ್ಗಿಸಿ 9ನೇ ಕಲಮಿನ ಹೆಸರಿನ ಒತ್ತನ್ನೂ 3ನೇ ಕಲಮಿನ ವಿಸ್ತೀರ್ಣವನ್ನೂ ಮನೆಯಲ್ಲೇ ಕೂತು ನೋಡಬಹುದು. ತಪ್ಪು ಕಂಡರೆ ಕಾಗದದ ಮೇಲೆ ಪೆನ್ನಿನಿಂದ ತಿದ್ದಿ ಪ್ರಯೋಜನವಿಲ್ಲ. ಹಳೆಯ ದಾಖಲೆಯ ನಕಲು ಇಟ್ಟು ತಾಲ್ಲೂಕು ಕಚೇರಿಗೆ ಅರ್ಜಿ ಕೊಡಬೇಕು. ಆದೇಶವಾಗಿ ಒಳಗಿನ ಸಂಖ್ಯೆ ಬದಲಾದ ಮೇಲೆಯೇ ಹೊರಗಿನ ಚುಕ್ಕಿಗಳು ಜಾಗ ಬದಲಿಸುತ್ತವೆ.