ಒಂದೇ ಓಟ, ಒಂದೇ ಅಂಕಿ ಸಾಲದು: ಸೈನಿಕರ ಸಿದ್ಧತೆಯ ಪರೀಕ್ಷೆಯಿಂದ ನಾನು ಕಲಿತ ಪಾಠ

ಅಭ್ಯಾಸ ಬೋಧನೆಗಾಗಿ ರೋಣ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹೋಗಿದ್ದಾಗ 9ನೇ ತರಗತಿಯಲ್ಲಿ ನಾಡಿಬಡಿತದ ಚಟುವಟಿಕೆ ಮಾಡಿಸಿದೆ. ಮಕ್ಕಳು ಒಂದು ನಿಮಿಷ ಮೆಟ್ಟಿಲು ಹತ್ತಿ ಇಳಿದು, ಅರ್ಧ ನಿಮಿಷ ನಾಡಿ ಎಣಿಸಿದರು. ಅಂಕಿ ನೋಡಿ ಕಪ್ಪುಹಲಗೆಯ ಮೇಲೆ 'ಉತ್ತಮ', 'ಸಾಧಾರಣ', 'ದುರ್ಬಲ' ಎಂದು ಮೂರು ಪಟ್ಟಿ ಬರೆದೆ. ಸೈನ್ಯಕ್ಕೆ ಸೇರಬೇಕೆಂದು ದಿನಾ ನಸುಕಿನಲ್ಲಿ ಗಜೇಂದ್ರಗಡ ರಸ್ತೆಯಲ್ಲಿ ಓಡುವ ಹುಡುಗನೊಬ್ಬನ ಹೆಸರು 'ದುರ್ಬಲ' ಪಟ್ಟಿಗೆ ಬಿತ್ತು. ಪಾಠ ಮುಗಿದ ಮೇಲೆ ಅವನು ಬಂದು, "ಟೀಚರ್, ಹಂಗಾರ ನಾ ಮಿಲಿಟ್ರಿಗೆ ಆಗೂದಿಲ್ಲೇನ್ರಿ?" ಎಂದು ಕೇಳಿದ. ಹಿಂದಿನ ವಾರ ಅವನಿಗೆ ಜ್ವರ ಬಂದಿತ್ತೆಂಬುದು ಆಮೇಲೆ ತಿಳಿಯಿತು. ಅವನ ಪ್ರಶ್ನೆಗೆ ಉತ್ತರ ಹುಡುಕುತ್ತ, ಸೈನ್ಯವು ಸಿದ್ಧತೆಯನ್ನು ಹೇಗೆ ಅಳೆಯುತ್ತದೆ ಎಂದು ಓದಿಕೊಂಡೆ.

ನಾನು ಮಾಡಿಸಿದ ಚಟುವಟಿಕೆಯ ಮೂಲ ಎರಡನೆಯ ಮಹಾಯುದ್ಧದ ಕಾಲದ ಹಾರ್ವರ್ಡ್ ಸ್ಟೆಪ್ ಟೆಸ್ಟ್. 20 ಅಂಗುಲ ಎತ್ತರದ ಮೆಟ್ಟಿಲನ್ನು ನಿಮಿಷಕ್ಕೆ 30 ಸಲದಂತೆ ಗರಿಷ್ಠ 5 ನಿಮಿಷ ಹತ್ತಿ ಇಳಿಯಬೇಕು. ಬಳಿಕ ಕುಳಿತು 1, 2 ಮತ್ತು 3 ನಿಮಿಷ ಕಳೆದಾಗ ಅರ್ಧರ್ಧ ನಿಮಿಷ ನಾಡಿ ಎಣಿಸಬೇಕು. ಹತ್ತಿದ ಸೆಕೆಂಡುಗಳನ್ನು 100ರಿಂದ ಗುಣಿಸಿ, ಮೂರೂ ಎಣಿಕೆಗಳ ಮೊತ್ತದ ಎರಡರಷ್ಟರಿಂದ ಭಾಗಿಸಬೇಕು. 300 ಸೆಕೆಂಡು ಹತ್ತಿದವರ ಎಣಿಕೆ 70, 55, 45 ಆದರೆ 30000 ÷ 340, ಅಂದರೆ ಸುಮಾರು 88. ದಣಿದ ಹೃದಯ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಆದರೆ ಜ್ವರ, ನಿದ್ದೆಗೇಡು, ಬಿಸಿಲು, ಭಯ ಎಲ್ಲವೂ ನಾಡಿಯನ್ನು ಏರಿಸುತ್ತವೆ. ಆದ್ದರಿಂದ ಒಂದು ದಿನದ ಅಂಕಿ ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ.

ಸೈನ್ಯವೂ ಒಂದೇ ಅಳತೆಯನ್ನು ನಂಬುವುದಿಲ್ಲ. ಅಗ್ನಿವೀರ ಭರ್ತಿಯಲ್ಲಿ 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, 10 ಪುಲ್-ಅಪ್‌ಗೆ 40 ಅಂಕ. 9 ಅಡಿ ಹಳ್ಳ ಜಿಗಿತ ಮತ್ತು ಸಮತೋಲನ ನಡಿಗೆಗೆ ಅಂಕವಿಲ್ಲ, ತೇರ್ಗಡೆಯಾಗಲೇಬೇಕು. ಜೊತೆಗೆ ಲಿಖಿತ ಪರೀಕ್ಷೆ, ವೈದ್ಯಕೀಯ ತಪಾಸಣೆ ಇವೆ. ಇದು ಬಾಗಿಲು ಮಾತ್ರ. ಸೇವೆಗೆ ಸೇರಿದ ಮೇಲೆ ಓಡುವ, ಹಗ್ಗ ಹತ್ತುವ ಪರೀಕ್ಷೆ ಮತ್ತೆ ಮತ್ತೆ ನಡೆಯುತ್ತದೆ. ನಮ್ಮ ಪಕ್ಕದ ಬೆಳಗಾವಿಯ ಜೂನಿಯರ್ ಲೀಡರ್ಸ್ ವಿಂಗ್‌ನಲ್ಲಿ ಕಮಾಂಡೊ ತರಬೇತಿ ಇದೆ. ಇಂಥ ತರಬೇತಿಯಲ್ಲಿ ದಣಿವು, ನಿದ್ದೆಗೇಡಿನ ನಡುವೆಯೂ ನಿರ್ಧಾರ ಕೆಡದಂತೆ ಉಳಿಯುತ್ತದೆಯೇ ಎಂದು ನೋಡುತ್ತಾರೆ.

ಮನಸ್ಸಿನ ಸಿದ್ಧತೆಯನ್ನು ಹೇಗೆ ಅಳೆಯುತ್ತಾರೆ? ಅಧಿಕಾರಿಗಳ ಆಯ್ಕೆಗೆ ಬೆಂಗಳೂರಿನಲ್ಲೂ ನಡೆಯುವ ಎಸ್‌ಎಸ್‌ಬಿ ಸಂದರ್ಶನ 5 ದಿನಗಳದ್ದು. ಮನಶ್ಶಾಸ್ತ್ರಜ್ಞರು, ಗುಂಪು ಚಟುವಟಿಕೆಯ ಅಧಿಕಾರಿ, ಸಂದರ್ಶನ ಅಧಿಕಾರಿ ಈ ಮೂವರೂ ಒಂದೇ 15 ಗುಣಗಳನ್ನು ಬೇರೆಬೇರೆ ದಾರಿಯಿಂದ ನೋಡುತ್ತಾರೆ. ಒಂದು ಪರೀಕ್ಷೆಯಲ್ಲಿ 60 ಪದಗಳು ಒಂದೊಂದಾಗಿ ಬರುತ್ತವೆ. ಪ್ರತಿ ಪದಕ್ಕೂ 15 ಸೆಕೆಂಡಿನಲ್ಲಿ ಹೊಳೆದದ್ದನ್ನು ಬರೆಯಬೇಕು. ಕೊನೆಗೆ ಎಲ್ಲರೂ ಕೂಡಿ ತೀರ್ಮಾನಿಸುತ್ತಾರೆ.

ಹಂತಹಂತದ ಮೌಲ್ಯಮಾಪನಕ್ಕೆ ಸಿಯಾಚಿನ್ ಒಳ್ಳೆಯ ಉದಾಹರಣೆ. ಎತ್ತರಕ್ಕೆ ಹೋಗುವ ಸೈನಿಕ ಮೊದಲು 9,000 ಅಡಿಯ ಮೇಲೆ 6 ದಿನ, 12,000 ಅಡಿಯ ಮೇಲೆ 4 ದಿನ, 15,000 ಅಡಿಯ ಮೇಲೆ ಮತ್ತೆ 4 ದಿನ ಕಳೆದು ದೇಹವನ್ನು ಹೊಂದಿಸಿಕೊಳ್ಳುತ್ತಾನೆ. ಎಷ್ಟೇ ಗಟ್ಟಿಗನಾದರೂ ಈ ಮೆಟ್ಟಿಲು ಬಿಡುವಂತಿಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿದ್ದರು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. 2016ರ ಫೆಬ್ರುವರಿ 3ರಂದು ಹಿಮ ಕುಸಿದು 10 ಸೈನಿಕರು ಹೂತುಹೋದರು. ಹಲವು ದಿನಗಳ ಬಳಿಕ ಹನುಮಂತಪ್ಪ ಒಬ್ಬರೇ ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಹಿಮಕುಸಿತವನ್ನು ಯಾವ ಸಿದ್ಧತೆಯೂ ತಡೆಯದು. ಆದರೆ ಅಂಥ ಕಡೆಗೆ ಕಳಿಸುವ ಮುನ್ನ ಆತುರದ ತೀರ್ಪು ಸಲ್ಲದೆಂಬುದು ಅವರ ನೆನಪಿನೊಂದಿಗೆ ಮನಸ್ಸಿಗೆ ನಾಟುತ್ತದೆ.

ನಾವು ರೂಪಣಾತ್ಮಕ ಮೌಲ್ಯಮಾಪನ ಎಂದು ಓದುವುದೂ ಇದನ್ನೇ. ಮಾರ್ಗದರ್ಶಕ ಶಿಕ್ಷಕರ ಸಲಹೆಯಂತೆ ಚಟುವಟಿಕೆಯನ್ನು ಬದಲಿಸಿದೆ. ಪಟ್ಟಿ ಅಳಿಸಿ, ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಕೊಟ್ಟೆ. ಮೂರು ಬೇರೆ ದಿನ, ಒಂದೇ ವೇಳೆಗೆ ಎಣಿಕೆ. ಪಕ್ಕದಲ್ಲಿ ನಿದ್ದೆ, ಊಟ, ಆರೋಗ್ಯದ ಟಿಪ್ಪಣಿ. ಹೋಲಿಕೆ ತನ್ನ ಹಿಂದಿನ ಅಂಕಿಯೊಂದಿಗೆ ಮಾತ್ರ. ಹುಷಾರಿಲ್ಲದವರು ಹತ್ತದೆ ಸಮಯ ನೋಡಿದರು. ಆ ಹುಡುಗನ ಎಣಿಕೆ 62ರಿಂದ 57ಕ್ಕೆ, ಆಮೇಲೆ 51ಕ್ಕೆ ಇಳಿಯಿತು. ಅವನು ಸೈನ್ಯಕ್ಕೆ ಆಯ್ಕೆಯಾಗುವನೋ ಇಲ್ಲವೋ ನಾನು ಹೇಳಲಾರೆ, ಆ ಮಾತನ್ನು ಅವನಿಗೂ ಹೇಳಿದೆ. ಆದರೆ 'ದುರ್ಬಲ' ಎಂದು ಬರೆಯುವ ಹಕ್ಕು ಒಂದು ಎಣಿಕೆಯಿಂದ ನನಗೆ ಬಂದಿರಲಿಲ್ಲ.